ಬೆರಳಷ್ಟು ಸಂದು ಬಿಟ್ಟ ಮೇಸ್ತ್ರಿ

ಮೇಸ್ತ್ರಿಯ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಸುಣ್ಣ ತಿಂದುಹಾಕಿತ್ತು. ಆ ಬೋಳು ಬೆರಳಿನಿಂದಲೇ ಗೋಡೆ ಒತ್ತಿ, ಒಳಗೆ ಗಟ್ಟಿಯೋ ಟೊಳ್ಳೋ ಹೇಳುತ್ತಿದ್ದ. ಸೊಕ್ಕೆ ಊರಿನ ಕಡೆಯವನು, ನನಗಿಂತ ನಾಲ್ಕೈದು ವರ್ಷ ಚಿಕ್ಕವನು. ಕೆಲಸದಲ್ಲಿ ಮಾತು ಕಡಿಮೆ. ಚಹಾಕ್ಕೆ ಕೂತರೆ ಮಾತ್ರ ಬಾಯಿ ನಿಲ್ಲದು. ಸಕ್ಕರೆ ಕಮ್ಮಿಯಾದರೆ "ಮನೇಲಿ ಯಾರ್ ಹೋಗ್ಬಿಟ್ರು?" ಎಂದು ಕೇಳುತ್ತಿದ್ದ.

ನಮ್ಮದು ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ. ಮೊಮ್ಮಗನಿಗೆ ಹೆಣ್ಣು ಗೊತ್ತಾದಾಗ ಮನೆ ಸಾಲದಾಯಿತು. ಮಗ ಪೂರಾ ಕೆಡವಿ ಆರ್‌ಸಿಸಿ ಹಾಕುತ್ತೇನೆಂದ. ಬೇಸಗೆಯಲ್ಲೂ ಫ್ಯಾನಿಲ್ಲದೆ ಮಲಗುವ ಮನೆ, ಯಾಕೆ ಕೆಡವಬೇಕು? ನಾನು ಬಿಡಲಿಲ್ಲ. ಮೇಸ್ತ್ರಿಯನ್ನು ಕರೆಸಿದೆ.

ಅವನು ಕಂಬ, ತೊಲೆ ಎಲ್ಲ ಬಡಿದು ನೋಡಿ, "ಹಳೇದು ಹಂಗೇ ಇರ್ಲಿ. ಹಿತ್ತಲ ಕಡೆಗೆ ಎರಡು ರೂಮು ಇಟ್ಟಿಗೇಲಿ ಎಳೀತೀನಿ" ಎಂದ.

ಮಗ ಒಪ್ಪಿದ, ಒಂದು ಮಾತಿನ ಮೇಲೆ: "ಒಂದು ಮಳೆಗಾಲ ನೋಡ್ತೀನಿ. ಬಿರುಕು ಬಿಡ್ತೋ, ಜೆಸಿಬಿ ತರಿಸ್ತೀನಿ."

ಹೊಸ ಗೋಡೆ ಹಳೆಯದಕ್ಕೆ ತಾಗುವಲ್ಲಿ ಮೇಸ್ತ್ರಿ ಬೆರಳಷ್ಟು ಸಂದು ಬಿಟ್ಟು, ಮೇಲೆ ತಗಡು ಮುಚ್ಚಿದ.

"ಇದೇನು, ಕೆಲಸ ಮುಗಿಸಾಕೆ ಬೇಜಾರಾ?" ಎಂದೆ.

"ಅಮ್ಮಾರೆ, ಹೊಸ ಗೋಡೆ ಮಳೆ ಕಂಡ್ರೆ ಒಂಚೂರು ಕೆಳಗೆ ಕೂರ್ತೈತೆ. ಹೊಸ ಸೊಸೇನ ಬಂದ ದಿನಾನೇ ಅತ್ತೆ ಪಕ್ಕ ಒತ್ತಿ ಕೂರಿಸ್ತಾರೇನ್ರಿ? ಜಾಗ ಬಿಡ್ಬೇಕು. ಆಮೇಲೆ ನಾನೇ ಬಂದು ಮಣ್ಣು ತುಂಬ್ತೀನಿ."

ಅವನು ಹೋದ ಮೇಲೆ ಸಂದಿನಿಂದ ಚೇಳು ಬಂತು. ಬೀಗರು ಬರುವ ದಿನವೂ ಹತ್ತಿರವಾಯಿತು. ಅವರಿಗೆ ಸೀಳು ಗೋಡೆ ತೋರಿಸಲು ನನಗೆ ನಾಚಿಕೆ. ಮಗ ಜಗಳೂರಿಗೆ ಹೋಗಿದ್ದಾಗ, ಉಳಿದಿದ್ದ ಸಿಮೆಂಟು ಕಲಸಿ ಸಂದಿಗೆ ಮೆತ್ತಿ, ಸುಣ್ಣ ಬಳಿದೆ. ಯಾರಿಗೂ ಹೇಳಲಿಲ್ಲ.

ಮಳೆ ಬಂತು. ಹೊಸ ಗೋಡೆ ಕೂತಿತು, ಕೂರುವಾಗ ಹಳೆಯದನ್ನೂ ಎಳೆಯಿತು. ತೊಲೆಯ ಕೆಳಗೆ ಕೈ ಹೋಗುವಷ್ಟು ಬಿರುಕು. ಮಗ ಫೋನು ಹಚ್ಚಿ ಮೇಸ್ತ್ರಿಗೆ ಬಾಯಿಗೆ ಬಂದಂತೆ ಬೈದ. ಅವತ್ತೇ ಬಂದ ಮೇಸ್ತ್ರಿ ಸಂದು ನೋಡಿದ, ನನ್ನ ಮುಖ ನೋಡಿದ. ಮಗ ಆಚೆ ಹೋದಾಗ ಮೆಲ್ಲಗೆ ಹೇಳಿದ:

"ಅತ್ತೆ ಸೊಸೆ ಜಡೆ ಸೇರಿಸಿ ಗಂಟು ಹಾಕೀರಲ್ರೀ. ಒಬ್ಬಾಕಿ ಕುಸಿದ್ರೆ ಇನ್ನೊಬ್ಬಾಕಿ ಹೆಂಗೆ ನಿಲ್ತಾಳೆ?"

ಮಗ ಬಂದು ಜೆಸಿಬಿಗೆ ಹೇಳುತ್ತೇನೆಂದ.

"ಗೋಡೇದು ತಪ್ಪಿಲ್ಲಪ್ಪ, ನನ್ ಕೈ ತಪ್ಪು. ಸಂದಿಗೆ ಸಿಮೆಂಟ್ ತುಂಬಿದ್ದು ನಾನೇ. ಹದಿನೈದು ದಿನ ಕೊಡು, ಸರಿ ಮಾಡಿಕೊಡ್ತೀನಿ" ಎಂದ ಮೇಸ್ತ್ರಿ.

ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ನಿಜ ಹೇಳಿದ್ದರೂ ಮನೆ ಉಳಿಯುತ್ತಿತ್ತು. ನನ್ನ ಮಾನ ಹೋಗುತ್ತಿತ್ತು, ಅಷ್ಟೇ.

ಮಗ ಒಪ್ಪಿದ. ಮೇಸ್ತ್ರಿ ತೊಲೆಗೆ ಊರುಗೋಲು ಕೊಟ್ಟು, ಸಿಮೆಂಟು ಕೆತ್ತಿ ತೆಗೆದು, ಬಿರುಕಿಗೆ ಹುಲ್ಲು ಬೆರೆಸಿದ ಮಣ್ಣು ತುಂಬಿದ. ಮನೆ ಇವತ್ತಿಗೂ ನಿಂತಿದೆ. ಆದರೆ ಮಗ ಸುಮ್ಮನಿರಲಿಲ್ಲ. "ಹಳೇ ಮನೆಗೆ ಅವನ್ನ ಕರೀಬ್ಯಾಡ್ರಿ" ಎಂದು ಸುತ್ತಲ ಊರಿಗೆಲ್ಲ ಹೇಳಿದ. ಮೇಸ್ತ್ರಿಗೆಂದು ಮಾತಾಗಿದ್ದ ಎರಡು ಮನೆ ಕೆಲಸ ಬೇರೆಯವರ ಪಾಲಾಯಿತು. ಆಮೇಲೆ ಒಮ್ಮೆ ಜಗಳೂರು ಸಂತೆಯಲ್ಲಿ ಸಿಕ್ಕಿದ. ಕೇಳಿದ್ದು ಒಂದೇ: "ತೊಲೆ ಹೆಂಗೈತ್ರೀ ಅಮ್ಮಾರೆ?"

ಹೋದ ತಿಂಗಳು ಮೇಸ್ತ್ರಿ ತೀರಿಕೊಂಡ. ಮಣ್ಣಿಗೆ ಹೋಗಿ ಬಂದು ಮಗನಿಗೆ ನಿಜ ಹೇಳಿದೆ. "ಈಗ ಹೇಳ್ತೀಯಲ್ಲವ್ವಾ" ಎಂದು ತಟ್ಟೆ ಬಿಟ್ಟು ಎದ್ದ. ಏಳಲಿ. ಅವನು ಹತ್ತೂರಿಗೆ ಹೇಳಿದ್ದನ್ನು ನಾನು ಮನೆಮನೆಗೆ ಹೋಗಿ ಅಳಿಸಲಾರೆ, ಕಾಲು ನಡೆಯುವುದಿಲ್ಲ. ಅದಕ್ಕೇ ಇದನ್ನು ಬರೆದೆ. ಸಿಮೆಂಟು ಮೆತ್ತಿದವಳು ನಾನು.