ಒಣಗಿದಾಗ ಏಳುವ ಹೆಜ್ಜೆಗಳು

ಇವತ್ತು ಬೆಳಿಗ್ಗೆ ಫಿನೈಲ್ ಗಾಡಿಯವನು ಬಂದಿದ್ದ. ಹಸಿರು, ಗುಲಾಬಿ, ಬಿಳಿ ಬಾಟಲಿಗಳ ನಡುವೆ ಮೈಕು ಕಟ್ಟಿ, ಅದು ತನ್ನಷ್ಟಕ್ಕೆ ಕೂಗುತ್ತಿದ್ದರೆ ತಾನು ಆರಾಮಾಗಿ ಗಾಡಿ ತಳ್ಳುತ್ತ ಬರುವ ಮನುಷ್ಯ. ನಾನು ಗೇಟಿಗೆ ಹೋಗುವಷ್ಟರಲ್ಲಿ ಒಂದರ ಮುಚ್ಚಳ ತಿರುವಿ ನನ್ನ ಮೂಗಿಗೇ ಹಿಡಿದ.

"ನೋಡ್ರಿ ಅಕ್ಕಾರ, ಓಣಿ ತುದೀತನಾ ಹೊಡೀತೈತಿ!"

ಹೊಡೆಯಿತು ನಿಜ. ಆದರೆ ನನ್ನ ಕಣ್ಣು ಓಣಿಯ ಕಡೆ ಹೋಗಲಿಲ್ಲ, ಹಿತ್ತಲಿನ ಕಡೆ ಹೋಯಿತು. ಅಲ್ಲಿನ ಕಲ್ಲುಹಾಸು ಒಣಗಿದೆಯೇ ಎಂದು.

ಹೇಳಿದರೆ ನೀವು ನಗುತ್ತೀರಿ, ಸ್ವಚ್ಛ ಎನ್ನುವುದು ನನಗೆ ಎಂದೂ ಕಣ್ಣಿನ ವಿಷಯವಾಗಿರಲಿಲ್ಲ, ಮೂಗಿನದಾಗಿತ್ತು. ಓದಿದ್ದು ಕಾನ್ವೆಂಟಿನಲ್ಲಿ. ಸೋಮವಾರ ಬೆಳಿಗ್ಗೆ ಅಲ್ಲಿನ ಉದ್ದನೆಯ ವರಾಂಡ ಫಿನೈಲಿನಲ್ಲಿ ಮಿಂದಿರುತ್ತಿತ್ತು. ಪ್ರಾರ್ಥನೆ, ಸಿಸ್ಟರುಗಳ ಬಿಳಿ ಉಡುಪು, ಆ ಘಾಟು ಎಲ್ಲ ಒಂದಾಗಿ, ದೇವರ ವಾಸನೆಯೇ ಅದು ಎಂದು ತಲೆಯಲ್ಲಿ ಕೂತುಬಿಟ್ಟಿತ್ತು. ಮದುವೆಯಾಗಿ ಕೊಪ್ಪಳಕ್ಕೆ ಬಂದ ಹೊಸದರಲ್ಲಿ, ಅತ್ತೆ ಸಗಣಿಯಿಂದ ಸಾರಿಸಿದ ಅಂಗಳ ನೋಡಿ "ಇದರ ಮ್ಯಾಲೆ ಚೂರು ಫಿನೈಲ್ ಹಾಕ್ಲೇನ್ರಿ?" ಎಂದು ಕೇಳಿದ್ದೆ. ಮನೆಗೆ ಬಂದವರಿಗೆಲ್ಲ ಅತ್ತೆ ಅದನ್ನು ಹೇಳಿ ಹೇಳಿ ನಗಿಸಿದರು.

ಕೊರೊನಾ ಬಂದಾಗ ನಮ್ಮ ಮನೆಯ ಹಿಂದಿನ ವಿದ್ಯಾರ್ಥಿನಿಲಯವನ್ನು ಕ್ವಾರಂಟೈನ್ ಕೇಂದ್ರ ಮಾಡಿದರು. ಅದನ್ನು ತೊಳೆಯುವ ಕೆಲಸ ರೇಣವ್ವನದು. ಎತ್ತರದ ಆಳು. ಬಿರಬಿರನೆ ನಡೆಯುವಳು, ಮಾತೂ ಹಾಗೆಯೇ. ಮಧ್ಯಾಹ್ನ ನಮ್ಮ ಹಿತ್ತಲ ಗೇಟಿನಿಂದ ಬರಿಗಾಲಲ್ಲಿ ಒಳಗೆ ಬಂದು, ನಾನು ಕಟ್ಟೆಯ ಮೇಲಿಟ್ಟ ತಂಬಿಗೆಯ ನೀರು ಕುಡಿದು, ನಳದ ಕೆಳಗೆ ಕೈಕಾಲು ತೊಳೆದುಕೊಂಡು ಹೋಗುತ್ತಿದ್ದಳು. ನಮ್ಮವರು ಮುನಿರಾಬಾದಿನ ಆಫೀಸಿಗೆ ಹೋಗಿರುತ್ತಿದ್ದರು. ಓಣಿಯಲ್ಲಿ ನಾಯಿ ಕೂಡ ಬೊಗಳದ ದಿನಗಳು. ಆಕೆಯೊಡನೆ ಆಡುವ ನಾಲ್ಕು ಮಾತೇ ನನ್ನ ಆ ದಿನದ ಮಾತು.

"ಏನ್ ರೇಣವ್ವ, ಇವತ್ತ ಇಷ್ಟ ಘಾಟು?"

"ಮೇಸ್ತ್ರಿದು ಮೂಗಿನ ಪರೀಕ್ಷಾ ಐತ್ರಿ ಅಕ್ಕಾರ. ಬಾಗಲದಾಗ ನಿಂತು ಮೂಸ್ತಾನ. ವಾಸನಿ ಬರಲಿಲ್ಲಂದ್ರ ತೊಳದೇ ಇಲ್ಲ ಅಂತಾನ. ಬರೇ ಬ್ಲೀಚಿಂಗ್ ಪುಡಿ ಅಂವಗ ಸಾಲೂದಿಲ್ಲ. ಅದಕ್ಕ ಸಂಡಾಸದ ಆಸಿಡ್ ಒಂದೀಟು ಕೂಡಿಸ್ತೀನಿ. ಬುಸ್ ಅಂತ ಹೊಗಿ ಏಳತೈತಿ. ಆವಾಗ ನೋಡ್ರಿ, ಛಲೋ ಆತು, ಛಲೋ ಆತು ಅನಕೋತ ಓಡ್ತಾನ!"

ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವ ಹೊತ್ತಿಗೆ ಆಕೆಯ ಕಣ್ಣಲ್ಲಿ ನೀರಿತ್ತು. ಎರಡನ್ನೂ ಕೂಡಿಸಬಾರದೆಂದು ಆಕೆಗೆ ಯಾರೂ ಹೇಳಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಆ ಘಾಟು ಗಾಳಿಯಲ್ಲಿ ತೇಲಿಬಂದ ದಿನ ಓಣಿಯವರೆಲ್ಲ "ಇವತ್ತ ಛಲೋ ತೊಳದಾರ" ಎಂದು ನೆಮ್ಮದಿಯಿಂದ ಉಣ್ಣುತ್ತಿದ್ದೆವು.

ಒಂದು ದಿನ ಆಕೆ ನಮ್ಮ ಮಲ್ಲಿಗೆ ಬಳ್ಳಿಯ ಹತ್ತಿರ ಬಹಳ ಹೊತ್ತು ನಿಂತಳು.

"ಅಕ್ಕಾರ, ಈ ಸಲದ ಹೂವಿಗೆ ವಾಸನಿನ ಇಲ್ಲಲ್ರಿ?"

ಇಡೀ ಹಿತ್ತಲು ಮಲ್ಲಿಗೆಯಿಂದ ಘಮಘಮಿಸುತ್ತಿತ್ತು. ಹಾಗೆಂದೆ. ಆಕೆ ಒಂದು ಹೂವು ಕಿತ್ತು ಮೂಗಿಗೆ ಒತ್ತಿಕೊಂಡಳು, ಅದು ಬಾಡುವಷ್ಟು.

"ಕೊರೊನಾ ಐತೇನಂತ ತಪಾಸ ಮಾಡ್ಯಾರ್ರಿ. ಇಲ್ಲಂತ. ಹಂಗಾದ್ರ ಮೂಗು ಎಲ್ಲಿ ಹೋತು?"

ಆಮೇಲೆ ತಾನು ಎಷ್ಟು ಸುರಿಯುತ್ತಿದ್ದೇನೆಂಬುದೂ ಆಕೆಗೆ ತಿಳಿಯದಾಯಿತು. ಮೇಸ್ತ್ರಿ ಮುಖ ಕಿವುಚುವ ತನಕ ಹಾಕುತ್ತಿದ್ದಳು.

ಆ ದಿನಗಳಲ್ಲೇ ನನಗೆ ಹೆಜ್ಜೆಗಳು ಕಂಡದ್ದು. ಹಿತ್ತಲಿನ ಕಪ್ಪು ಶಹಾಬಾದ್ ಕಲ್ಲಿನ ಮೇಲೆ, ಗೇಟಿನಿಂದ ನಳದವರೆಗೆ, ಬೂದಿ ಬಣ್ಣದ ಪಾದಗಳು. ಐದು ಬೆರಳೂ ಸ್ಪಷ್ಟ. ನೀರು ಹಾಕಿ ತಿಕ್ಕಿದೆ, ಹೋದವು. ಒಳಗೆ ಹೋಗಿ ಅನ್ನಕ್ಕಿಟ್ಟು ಬಂದರೆ ಕಲ್ಲು ಒಣಗಿತ್ತು, ಪಾದಗಳು ಮತ್ತೆ ಬಂದು ನಿಂತಿದ್ದವು. ಆಮೇಲೆ ಇನ್ನೊಂದು ಗಮನಿಸಿದೆ. ಅವು ಒಳಗೆ ಬರುವ ಹೆಜ್ಜೆಗಳು ಮಾತ್ರ. ಹೊರಗೆ ಹೋದ ಹೆಜ್ಜೆ ಒಂದೂ ಇಲ್ಲ.

ಸಂಜೆ ನಮ್ಮವರು ಬಗ್ಗಿ ನೋಡಿ, "ಆಕಿ ಕಾಲಾಗ ಆಸಿಡ್ ಐತಿ. ಹೋಗೂಮುಂದ ತೊಳಕೊಂಡು ಹೋಗ್ತಾಳ, ಅದಕ್ಕ ಬಂದದ್ದಷ್ಟ ಮೂಡೇತಿ," ಎಂದರು. ಗುರುತಿನ ಮೇಲೆ ಬೆರಳಾಡಿಸಿ, "ಕಲ್ಲನ್ನ ತಿಂದದ್ದು ಮನಷ್ಯಾರನ್ನ ಬಿಡತೈತೇನು?" ಎಂದರು. ಕಾರಣ ತಿಳಿಯಿತು. ಆದರೂ ಖಾಲಿ ಮಧ್ಯಾಹ್ನಗಳಲ್ಲಿ, ಯಾರೋ ಒಳಗೆ ಬಂದವರು ಇನ್ನೂ ಹೋಗಿಲ್ಲ ಎಂಬ ಭಾವ ನನ್ನ ಬೆನ್ನಿಗೆ ಅಂಟಿಕೊಂಡೇ ಇತ್ತು.

ಆ ವಾರವೇ ರೇಣವ್ವ ವಿದ್ಯಾರ್ಥಿನಿಲಯದ ಮೆಟ್ಟಿಲಲ್ಲಿ ಉಸಿರು ಸಿಗದೆ ಕುಸಿದಳು. ಆ ಹೊಗೆ ಶ್ವಾಸನಾಳವನ್ನು ಸುಟ್ಟಿದೆ, ಇನ್ನು ಈ ಕೆಲಸ ಬೇಡ ಎಂದರಂತೆ ಡಾಕ್ಟರು. ಆಕೆ ತಳಕಲ್ಲು ಊರಿನಲ್ಲಿದ್ದ ಮಗಳ ಮನೆ ಸೇರಿದಳು. ಕೇಂದ್ರ ಮುಚ್ಚಿತು, ಹುಡುಗರು ಮರಳಿದರು. ಹೆಜ್ಜೆಗಳು ನಮ್ಮಲ್ಲೇ ಉಳಿದವು.

ಹೋದ ಮಂಗಳವಾರ ತಾಯಿ ಮಗಳು ಹುಲಿಗಿಗೆ ಹೋಗಿ ಬರುವಾಗ ನಮ್ಮ ಮನೆಗೆ ಬಂದರು. ಉಸಿರು ತಿರುಗಿ ಬರಲೆಂದು ಅಲ್ಲಿನ ದೇವಿಗೆ ಬೇಡಿಕೊಂಡು ಬಂದಿದ್ದರು. ರೇಣವ್ವನ ಎದೆಯಲ್ಲಿ ಒಡಕು ಪೀಪಿಯಂಥ ಸದ್ದು. ಕಟ್ಟೆಯ ಮೇಲೆ ಕೂತು ನೀರು ಕುಡಿದಳು. ನಾನು ಆಗಷ್ಟೇ ತೊಳೆದಿದ್ದ ಕಲ್ಲು ಎಲ್ಲರೂ ನೋಡುತ್ತಿದ್ದಂತೆಯೇ ಒಣಗಿತು.

"ಇವು ನನ್ನ ಕಾಲೇನ್ರಿ?"

ಎದ್ದಳು. ಗೇಟಿನ ಹತ್ತಿರ ಹೋಗಿ ಬಲಪಾದವನ್ನು ಮೊದಲ ಗುರುತಿನಲ್ಲಿಟ್ಟಳು. ಅಚ್ಚಿಗೆ ಹೊಯ್ದ ಹಾಗೆ ಕೂತಿತು. ಎಡಗಾಲು ಚಾಚಿದಳು. ಎರಡನೆಯ ಗುರುತು ಇನ್ನೂ ಒಂದು ಗೇಣು ಮುಂದಿತ್ತು. ಮತ್ತೆ ಯತ್ನಿಸಿದಳು, ಗೋಡೆ ಹಿಡಿದು ನಿಂತಳು.

"ಇಕಿ ಭಾಳ ಜೋರ ನಡೀತಿದ್ಲರಿ ಅಕ್ಕಾರ," ಎಂದಳು, ಬೇರೆ ಯಾರದೋ ವಿಷಯ ಹೇಳುವಂತೆ.

"ಅವ್ವಾ, ಸಾಕ್ ಬಾ, ಕುಂದರು," ಎಂದಳು ಮಗಳು.

"ಈ ಕಲ್ಲು ತೆಗಸಿಬಿಡ್ತೀನಿ ರೇಣವ್ವ," ಎಂದೆ.

"ಬ್ಯಾಡ್ರಿ." ಉಸಿರು ಕೂಡಿಸಿಕೊಂಡು ಹೇಳಿದಳು, "ಆಕಿಯಾದ್ರೂ ಅಡ್ಡಾಡಲಿ."

ಇಷ್ಟೆಲ್ಲ ನೆನೆಯುವ ತನಕ ಗಾಡಿಯವನು ಬಾಟಲಿ ಹಿಡಿದುಕೊಂಡೇ ನಿಂತಿದ್ದ.

"ವಾಸನಿ ಇಲ್ಲದ್ದು ಇಲ್ಲೇನಪ್ಪಾ?" ಎಂದೆ.

"ಅದು ನಿಮ್ಮ ನಳದಾಗ ಬರತೈತ್ರಿ, ಪುಕ್ಕಟ!" ಎಂದು ನಕ್ಕು ಗಾಡಿ ತಳ್ಳಿದ.

ಒಳಗೆ ಬಂದು ಬರಿ ನೀರು ಹಾಕಿ ಹಿತ್ತಲು ತೊಳೆದೆ. ಯಾವ ವಾಸನೆಯೂ ಬರಲಿಲ್ಲ, ನಾನೂ ಮೂಸಲಿಲ್ಲ. ನಳದ ಪಕ್ಕದಲ್ಲಿ ಕಾಲು ಚಾಚಿ ಕೂತೆ. ಗೇಟಿನ ಕಡೆಯಿಂದ ಕಲ್ಲು ಒಣಗುತ್ತ ಬಂತು. ಮೊದಲು ಹಿಮ್ಮಡಿ, ಆಮೇಲೆ ಬೆರಳುಗಳು. ಒಂದರ ಹಿಂದೊಂದು, ದೊಡ್ಡ ದೊಡ್ಡ ಹೆಜ್ಜೆ. ಹತ್ತಿರ ಬಂದಾಗ ನಾನು ಕಾಲು ಮಡಚಿ ದಾರಿ ಬಿಟ್ಟೆ.