ಒಂಡಿನೊಳಗೆ ಹೂತ ಗಿರ್ದಾವರನ ಕಲ್ಲು

ನಾವು ಸಣ್ಣವರಿದ್ದಾಗ ತುಂಗಭದ್ರೆಗೆ ಇನ್ನೂ ಯಾರೂ ಕಟ್ಟೆ ಕಟ್ಟಿರಲಿಲ್ಲ. ಅದು ಮನಸ್ಸಿಗೆ ಬಂದಾಗ ಬರುತ್ತಿತ್ತು, ಬೇಕಾದ ಕಡೆ ಹರಿಯುತ್ತಿತ್ತು, ಹೋಗುವಾಗ ನಮ್ಮಂಥ ಹೊಲವಿಲ್ಲದವರಿಗೆ ಒಂದಿಷ್ಟು ಮಣ್ಣು ಬಿಟ್ಟು ಹೋಗುತ್ತಿತ್ತು. ಊರ ಗೌಡ ಕೊಡದ್ದನ್ನು, ನಿಜಾಮನ ಸರಕಾರ ಕೊಡದ್ದನ್ನು ಹೊಳೆ ಕೊಡುತ್ತಿತ್ತು. ನಾನು ಹೇಳಹೊರಟಿರುವುದು ಆ ಮಣ್ಣಿನ ವಿಷಯ, ಮತ್ತು ಅದನ್ನು ಸರಪಳಿಯಿಂದ ಅಳೆದು ಕಟ್ಟಿಹಾಕಲು ಬಂದ ಒಬ್ಬ ಮಹಾ ಮೂಢನ ವಿಷಯ. ಎಪ್ಪತ್ತು ವರ್ಷಕ್ಕೂ ಮೀರಿ ಈ ಕಥೆಯನ್ನು ಮನೆಯಲ್ಲಿ ಹೇಳುತ್ತ ಬಂದೆ. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರೂ ‘ಮುದುಕಿ ಕೂಡಿಸಿ ಹೇಳ್ತಾಳ’ ಎಂದು ನಕ್ಕರು. ಮೊನ್ನೆಯಿಂದ ಆ ನಗು ನಿಂತಿದೆ. ಯಾಕೆ ನಿಂತಿತು ಎಂದು ಈಗಲೇ ಹೇಳಿಬಿಡಲು ನನ್ನ ಬಾಯಿ ತುರಿಸುತ್ತಿದೆ. ಆದರೂ ತಡೆದುಕೊಳ್ಳುತ್ತೇನೆ.

ನಮ್ಮೂರು ಮಾನ್ವಿ ತಾಲೂಕಿನ ಚೀಕಲಪರ್ವಿ. ಬೇಸಿಗೆಯಲ್ಲಿ ನೋಡಿದರೆ ಅಲ್ಲಿ ಹೊಳೆ ಇದೆ ಎಂದು ಪರಸ್ಥಳದವರು ನಂಬುತ್ತಿರಲಿಲ್ಲ. ಅಗಲವಾದ ಮರಳು, ನಡುನಡುವೆ ಬಂಡೆ, ಬಂಡೆಯ ಪಕ್ಕ ಎಮ್ಮೆ ಮಲಗುವಷ್ಟು ನೀರು. ಮುಂಗಾರಿನಲ್ಲಿ ನಮ್ಮೂರಿಗೆ ಹನಿ ಬೀಳದಿದ್ದರೂ ಒಂದು ದಿನ ಮೇಲಿನ ಸೀಮೆಯಿಂದ ಹೊಳೆ ಬಂದುಬಿಡುತ್ತಿತ್ತು. ಮೊದಲು ಸದ್ದು, ಆಮೇಲೆ ವಾಸನೆ, ಆಮೇಲೆ ನೀರು. ಹೊಸ ಗಡಿಗೆಗೆ ಮೊದಲ ಸಲ ನೀರು ಸುರಿದಾಗ ಬರುತ್ತದಲ್ಲ, ಅಂಥ ವಾಸನೆ. ನಮ್ಮ ಕಡೆ ನೆಲ ಹಿಡಿದಿಡಲು ಹುಲ್ಲಿಲ್ಲ, ಗಿಡವಿಲ್ಲ. ಒಂದು ದೊಡ್ಡ ಮಳೆ ಹೊಡೆದರೆ ಹೊಲದ ಮೈಯೇ ಸುಲಿದು ಹಳ್ಳಕ್ಕೆ ಇಳಿಯುತ್ತದೆ, ಹಳ್ಳ ಅದನ್ನು ಹೊಳೆಗೆ ತಂದು ಸುರಿಯುತ್ತದೆ. ಮಸ್ಕಿ ಕಡೆಯ ಎರೆಹೊಲದ ನೀರು ಬಂದರೆ ಹೊಳೆ ಕಪ್ಪು. ಗುಡ್ಡದ ಕಡೆಯ ನೀರು ಬಂದರೆ ಬೆಲ್ಲದ ಪಾಕದಂತೆ ಕೆಂಪು.

ಆ ನೀರನ್ನೇ ಅವ್ವ ಕೊಡದಲ್ಲಿ ತಂದು, ಚಿಲ್ಲದ ಬೀಜ ತೇದು ಹಾಕಿ, ಮೂಲೆಯಲ್ಲಿ ತಿಳಿಯಾಗಲು ಇಡುತ್ತಿದ್ದಳು. ಕುಡಿಯುವ ನೀರು ಬಸಿದುಕೊಂಡ ಮೇಲೆ ಕೊಡದ ತಳ ತೋರಿಸುತ್ತಿದ್ದಳು. ಅಡಿಯಲ್ಲಿ ಮರಳು, ಅದರ ಮೇಲೆ ಬೆಣ್ಣೆಯಂಥ ಮಣ್ಣು.

“ಹೊಳಿನೂ ಹಿಂಗಾ ನೋಡು ಹುಲಿಗಿ,” ಎನ್ನುತ್ತಿದ್ದಳು. “ಓಡೂಮಟ ಎಲ್ಲಾ ಹೊತ್ಗೊಂಡು ಓಡ್ತದ. ದಣಿದಲ್ಲಿ ಮೊದಲು ಭಾರದ್ದು ಇಳಸ್ತದ, ಆಮ್ಯಾಲೆ ಹಗರಂದು. ಹಗರಂದು ಎಲ್ಲಿ ಇಳಸ್ಯದ, ಅಲ್ಲಿ ನಮ್ಮ ಅನ್ನ ಅದ.”

ಆ ಹಗುರದ ಮಣ್ಣಿಗೆ ಒಂಡು ಎನ್ನುತ್ತಿದ್ದೆವು. ದಸರೆ ಕಳೆದು ಹೊಳೆ ಇಳಿದ ಮೇಲೆ ಅದು ಬಿಸಿಲಿಗೆ ಬಿರಿದು, ಮೇಲಿನ ಪದರು ತುದಿ ಮಡಚಿಕೊಂಡು ಏಳುತ್ತಿತ್ತು, ಹಂಚಿನ ಮೇಲಿನ ಸಜ್ಜೆ ರೊಟ್ಟಿಯ ಹಾಗೆ. ಹುಡುಗಿಯರೆಲ್ಲ ಅದನ್ನು ಎತ್ತಿ ರೊಟ್ಟಿ ಅಂಗಡಿ ಆಡುತ್ತಿದ್ದೆವು. ಒಮ್ಮೊಮ್ಮೆ ಒಂದು ಚೂರು ತಿಂದೂ ನೋಡುತ್ತಿದ್ದೆವು. ಕೆಂಪಿನದಕ್ಕಿಂತ ಕಪ್ಪಿನದು ರುಚಿ.

ಆಮೇಲೆ ಹೆಜ್ಜೆ ಇಡುವ ದಿನ ಬರುತ್ತಿತ್ತು. ನಮ್ಮ ಕೇರಿಯ ಪ್ರತಿ ಮನೆಯ ಎಲ್ಲರಿಗಿಂತ ಸಣ್ಣ ಮಗುವನ್ನು ಒಂಡಿನ ಮೇಲೆ ನಡೆಸಿ, ಒಂದು ಕಡೆ ಬಲಗಾಲು ಊರಿಸಿ ಬರುವುದು. ಮರುದಿನ ಮಧ್ಯಾಹ್ನ ಹೋಗಿ ನೋಡುವುದು. ಹೆಜ್ಜೆಯ ಅಂಚು ನಿಂತಿದ್ದರೆ ಕೆಳಗೆ ಒಂಡು ದಪ್ಪಗಿದೆ ಎಂದು ಅರ್ಥ. ಆ ವರ್ಷಕ್ಕೆ ಆ ಜಾಗ ಆ ಮನೆಯದು. ಅಂಚು ಕುಸಿದಿದ್ದರೆ ಕೆಳಗೆ ಮರಳು. ಬೇರೆ ಕಡೆ ಊರಬೇಕು. ಇನ್ನೊಬ್ಬರ ಮಗುವಿನ ಹೆಜ್ಜೆಯನ್ನು ಯಾರೂ ತುಳಿಯುತ್ತಿರಲಿಲ್ಲ. ಕಾಗದವಿಲ್ಲ, ಮೊಹರಿಲ್ಲ, ಜಗಳವಿಲ್ಲ. ಅಲ್ಲಿ ಕರಬೂಜ, ಸವತೆ, ಹೀರೆ ಹಾಕಿ ಶಿವರಾತ್ರಿಯ ಹೊತ್ತಿಗೆ ಮಾನ್ವಿ ಸಂತೆಗೆ ಹೊತ್ತು ಮಾರಿ ಜೋಳ ತರುತ್ತಿದ್ದೆವು. ನನ್ನ ಹಿಂದೆ ಹುಟ್ಟಿದ ಇಬ್ಬರು ಉಳಿಯಲಿಲ್ಲ. ಹಾಗಾಗಿ ಒಂಬತ್ತು ವರ್ಷದವಳಾದರೂ ನಮ್ಮ ಮನೆಯ ಹೆಜ್ಜೆ ನನ್ನದೇ. ಅದರ ಜಂಬ ನನಗೆ ಬಹಳ ಇತ್ತು.

ರಜಾಕಾರರ ಹಾವಳಿಗೆ ಇನ್ನೊಂದೆರಡು ವರ್ಷ ಇರುವಾಗ, ಒಂದು ಬೇಸಿಗೆಯಲ್ಲಿ, ಗೌಡನಿಗೆ ನಮ್ಮ ಒಂಡಿನ ಮೇಲೆ ಕಣ್ಣು ಬಿತ್ತು. ಮನೆಯ ಮುಂದೆ ಮೈಲುಗಟ್ಟಲೆ ಎರೆಹೊಲ ಇದ್ದವನಿಗೆ ಕೇರಿಯವರ ಕರಬೂಜ ಕಂಡರೆ ಹೊಟ್ಟೆಯಲ್ಲಿ ಸಂಕಟ. ತಹಸೀಲಿಗೆ ಅರ್ಜಿ ಕೊಟ್ಟು ಒಂಡನ್ನು ಗುತ್ತಿಗೆಗೆ ಹಿಡಿದ. ಗಡಿ ಗುರುತಿಸಲು ತಹಸೀಲಿನಿಂದ ಗಿರ್ದಾವರ, ಅಂದರೆ ನೆಲ ಅಳೆದು ಬರೆದುಕೊಳ್ಳುವ ಅಧಿಕಾರಿ, ಬಂದ. ತಲೆಯ ಮೇಲೆ ರೂಮಿ ಟೋಪಿ, ಕಾಲಿಗೆ ಮಿಂಚುವ ಬೂಟು, ಕಂಕುಳಲ್ಲಿ ಸುತ್ತಿದ ನಕ್ಷೆ. ಕೊಡೆ ಹಿಡಿಯಲು ಒಬ್ಬ ಜವಾನ, ಸರಪಳಿ ಎಳೆಯಲು ಇಬ್ಬರು. ಹೊಳೆಯೊಳಗೆ ಬೂಟು ಹಾಕಿಕೊಂಡು ಇಳಿದವನನ್ನು ನಾನು ನೋಡಿದ್ದು ಅದೇ ಮೊದಲು. ಮೂರು ಹೆಜ್ಜೆಗೊಮ್ಮೆ ನಿಂತು ಮರಳು ಕೊಡವುತ್ತಿದ್ದ.

ಮೂರು ಕಲ್ಲು ನಿಲ್ಲಿಸಿದ. ಮೇಲಿನ ಅರ್ಧ ನುಣುಪಾಗಿ ಕಡಿದು ಸುಣ್ಣ ಬಳಿದ, ಕೆಳಗಿನ ಅರ್ಧ ಒರಟಾಗಿಯೇ ಬಿಟ್ಟ, ನನಗಿಂತ ಎತ್ತರದ ಕಲ್ಲುಗಳು. ಹೊಳೆಯ ಕೆಳಗಿನ ಕಡೆ ಎರಡನ್ನು ಮರಳಲ್ಲೇ ಹೂಳಿಸಿದ. ಮೂರನೆಯದಕ್ಕೆ ಕುಣಿ ತೋಡುವಾಗ ಅಡಿಯಲ್ಲಿ ಬಂಡೆ ತಗುಲಿತು. ಬಂಡೆಯ ಸಂದಿಗೇ ಬುಡ ಸಿಕ್ಕಿಸಿ ನಿಲ್ಲಿಸಿದ. ಕೇರಿಯ ಗಂಡಸರೆಲ್ಲ ಕೈಕಟ್ಟಿ ನಿಂತಿದ್ದರು, ನನ್ನ ಅಪ್ಪನೂ. ಮಾತಾಡಿದವಳು ಅವ್ವ ಒಬ್ಬಳೇ.

“ಸಾಹೇಬ್ರ, ನಡುವ ದಿಬ್ಬ ಬೆಳದದ ನೋಡ್ರಿ. ಬರೂ ವರ್ಷ ನೀರು ಅದಕ್ಕ ಬಡದು ಈ ಕಡಿ ಹೊಳ್ಳತದ. ಕೆಳಗಿನ ಎರಡೂ ಕಲ್ಲು ಹೋಗ್ತಾವ್ರಿ.”

“ನಕ್ಷಾದಾಗ ದಿಬ್ಬ ಇಲ್ಲ,” ಎಂದ ಗಿರ್ದಾವರ.

“ಹೊಳ್ಯಾಗ ಅದರೀ.”

“ನಕ್ಷಾನೂ ಸರಕಾರದ್ದು, ಹೊಳಿನೂ ಸರಕಾರದ್ದು. ನಕ್ಷಾ ಹೇಳಿದಂಗ ಹೊಳಿ ಕೇಳಬೇಕು. ಈ ಮೂರನೇದು ನೋಡು, ಬಂಡಿಗೆ ಕುಂದ್ರಿಸೀನಿ. ಇದೂ ಹೋಗ್ತದೇನು?”

“ಇದು ಹೋಗಂಗಿಲ್ರಿ. ಇದು ಮುಳಗ್ತದ.”

“ನೀರಾಗ?”

“ಮಣ್ಣಾಗ್ರಿ.”

ಜವಾನ ಕೊಡೆ ಅಲುಗುವಷ್ಟು ನಕ್ಕ. ಗಿರ್ದಾವರ ನಗಲೂ ಇಲ್ಲ. ನಮ್ಮಂಥವರ ಮಾತಿಗೆ ನಗುವುದೂ ತನ್ನ ಅಂತಸ್ತಿಗೆ ಕಡಿಮೆ ಎನ್ನುವ ಮುಖ. ಹಳ್ಳ ಹೊಳೆಗೆ ಸೇರುವ ಬಾಯಿಯಿಂದ ಆರು ಸರಪಳಿ ದೂರಕ್ಕೆ ಮೂರನೆಯ ಕಲ್ಲು ಎಂದು ಪುಸ್ತಕದಲ್ಲಿ ಬರೆದುಕೊಂಡ. ಕಲ್ಲುಗಳ ಗಡಿಯೊಳಗೆ ಇನ್ನು ಮುಂದೆ ಕೇರಿಯವರು ಕಾಲಿಡಬಾರದು ಎಂದ.

ಹೆಜ್ಜೆಗೆ ಜಾಗವಿಲ್ಲದಿದ್ದರೆ ರಾಯಚೂರಿನ ಹತ್ತಿ ಗಿರಣಿಗೆ ಹೋಗುವುದೇ ಎಂದು ಅಪ್ಪ ಅಂದೇ ಗಟ್ಟಿ ಮಾಡಿದ. ಅತ್ತೆ ಅಲ್ಲಿಗೆ ಹೋಗಿ ಮೂರು ವರ್ಷದಲ್ಲಿ ಹತ್ತಿ ದೂಳು ಕುಡಿದು ಕೆಮ್ಮುತ್ತಾ ಬಂದಿದ್ದಳು. ಅವಳ ಕೆಮ್ಮು ಗೋಡೆಯ ಆಚೆಯಿಂದ ನಮಗೆ ಕೇಳುತ್ತಿತ್ತು. ನಾವು ಊರಲ್ಲಿರುವುದೋ ಬಿಡುವುದೋ ಎಂಬುದು ಆ ಮಳೆಗಾಲದ ಮೇಲೆ ನಿಂತಿತು.

ಹೊಳೆ ಬಂತು. ಬಂತು ಎಂದರೆ ಹಾಗೆ ಹೀಗೆ ಬರಲಿಲ್ಲ. ಒಂದು ವಾರ ಕೆಂಪು, ನಾಲ್ಕು ದಿನ ಕಪ್ಪು, ಮತ್ತೆ ಕೆಂಪು. ಬೇರುಸಮೇತ ಜಾಲಿಗಳು ಎದ್ದು ಮುಳುಗುತ್ತ ಹೋದವು. ಗೌಡನ ಆಳು ದಂಡೆಯ ಮೇಲೆ ನಿಂತು ಹೊಳೆಯನ್ನೇ ಬೈಯುತ್ತಿದ್ದ. ಇಳಿದ ಮೇಲೆ ನೋಡಿದರೆ ಅವ್ವ ಹೇಳಿದ್ದೆಲ್ಲ ಹೇಳಿದ ಹಾಗೆಯೇ ಆಗಿತ್ತು. ಕೆಳಗಿನ ಎರಡು ಕಲ್ಲು ಇದ್ದಲ್ಲಿ ಆಳವಾದ ಮಡುವು. ಮೇಲೆ ಬಂಡೆಯ ಮರೆಯಲ್ಲಿ, ನೀರು ದಣಿದು ನಿಂತ ಕಡೆ, ಅಂಗಳ ಸಾರಿಸಿದಂತೆ ನುಣ್ಣನೆಯ ಒಂಡು. ಮೂರನೆಯ ಕಲ್ಲಿನ ತುದಿ ಕೂಡ ಕಾಣುತ್ತಿರಲಿಲ್ಲ. ಅಷ್ಟು ಸಾಲದು ಎಂದು ಹಳ್ಳವೂ ತಾನು ತಂದ ಮರಳನ್ನೇ ತನ್ನ ಬಾಯಿಗೆ ತುಂಬಿಕೊಂಡು, ನೂರು ಹೆಜ್ಜೆ ಕೆಳಗೆ ದಂಡೆ ಒಡೆದು ಹೊಸ ಬಾಯಿ ಮಾಡಿಕೊಂಡಿತ್ತು.

ಕಲ್ಲೇ ಇಲ್ಲ ಎಂದಮೇಲೆ ಒಳಗೇನು, ಹೊರಗೇನು. ನಾನು ಬಲಗಾಲು ಊರಿದೆ. ಮರುದಿನ ಹೋಗಿ ನೋಡಿದರೆ ಹೆಜ್ಜೆಯ ಅಂಚು ಹಿತ್ತಾಳೆ ತಾಟಿನ ಕಂಠದ ಹಾಗೆ ನಿಂತಿತ್ತು. ಬೆರಳೈದೂ ಎಣಿಸಬಹುದಿತ್ತು. ಅವ್ವ ಬಗ್ಗಿ ಮೂಸಿ ನೋಡಿ, “ಗಿರಣಿ ಬ್ಯಾಡ” ಎಂದಳು. ಅಪ್ಪ ತಲೆಯ ರುಮಾಲು ತೆಗೆದು ಮುಖ ಒರೆಸಿಕೊಂಡ.

ಬೀಜದ ಕುಣಿ ತೋಡುವಾಗ ಅವ್ವನ ಸಲಿಕೆ ಠಣ್ ಎಂದಿತು. ಕೈಯಿಂದ ಮಣ್ಣು ಸರಿಸಿದಳು. ಗೇಣು ಆಳದಲ್ಲಿ ಸುಣ್ಣದ ಬಿಳುಪು. ನಾನು ಕೂಗಲು ಬಾಯಿ ತೆರೆದೆ.

“ಬಾಯಿ ಮುಚ್ಚು ಬೇ,” ಎಂದಳು. “ಉಸರು ಬಿಟ್ಟಿ ಅಂದ್ರ ಇದಕ್ಕಾ ಕಟ್ಟಿ ಹೊಳ್ಯಾಗ ಬಿಡತೀನಿ.”

ಕಲ್ಲಿನ ಮಗ್ಗುಲಿಗೇ ಗೊಬ್ಬರ ಹಾಕಿ, ಮೂರು ಕರಬೂಜದ ಬೀಜ ಊರಿ, ಮಣ್ಣು ಎಳೆದು, ಅಂಗೈಯಿಂದ ತಟ್ಟಿದಳು. ಬೇರೆ ಕುಣಿಗಳಿಗೆ ಮಾಡಿದಂತೆಯೇ. ಊರಲ್ಲಿ ಯಾವ ಗುಟ್ಟೂ ನನ್ನ ಹೊಟ್ಟೆಯಲ್ಲಿ ಅರ್ಧ ದಿನ ನಿಂತದ್ದಿಲ್ಲ. ಅದೊಂದನ್ನು ನಾಲ್ಕು ತಿಂಗಳು ಹೊತ್ತೆ. ಈಗಲೂ ನೆನೆದರೆ ಹೊಟ್ಟೆ ನೋಯುತ್ತದೆ.

ಶಿವರಾತ್ರಿ ಹತ್ತಿರ ಬಂದು ಕಾಯಿ ಹಳದಿ ತಿರುಗಿದಾಗ, ಗೌಡನ ಆಳಿನ ಸಂಗಡ ಗಿರ್ದಾವರ ಮತ್ತೆ ಬಂದ. ಅದೇ ಬೂಟು. ಕಲ್ಲು ಸಿಕ್ಕರೆ ಬಳ್ಳಿಸಮೇತ ಎಲ್ಲ ಗೌಡನದು. ಪುಸ್ತಕ ತೆಗೆದು ನೋಡಿ ಅಪ್ಪನನ್ನು ಕರೆದ.

“ಇದಾ ಹಳ್ಳ ಏನಲೇ?”

“ಹೌದ್ರಿ, ಇದಾ ಹಳ್ಳ.”

“ಇದಾ ಅದರ ಬಾಯಿ?”

“ಇದಾ ಅದರ ಬಾಯಿರಿ.”

ನನ್ನ ಅಪ್ಪ ಜೀವಮಾನದಲ್ಲಿ ಸುಳ್ಳು ಹೇಳಿದವನಲ್ಲ. ಅಂದೂ ಹೇಳಲಿಲ್ಲ. ಹೋದ ವರ್ಷ ಬಾಯಿ ಎಲ್ಲಿತ್ತು ಎಂದು ಆ ಮನುಷ್ಯ ಕೇಳಿದ್ದರೆ ಅಪ್ಪ ತೋರಿಸಿಯೇಬಿಡುತ್ತಿದ್ದ, ನಾವು ರಾಯಚೂರು ಸೇರುತ್ತಿದ್ದೆವು. ಆದರೆ ಹಳ್ಳಕ್ಕೆ ಹೋದ ವರ್ಷವೊಂದು, ಈ ವರ್ಷವೊಂದು ಬಾಯಿ ಇರಬಹುದು ಎಂಬುದು ಅಷ್ಟು ಓದಿದ ತಲೆಗೆ ಹೊಳೆಯಬೇಕಲ್ಲ. ಹೊಸ ಬಾಯಿಯಿಂದ ಆರು ಸರಪಳಿ ಅಳೆದ. ಅದು ನಮ್ಮ ಒಂಡು ದಾಟಿ ನೂರು ಹೆಜ್ಜೆ ಕೆಳಗೆ, ದಪ್ಪ ಮರಳಲ್ಲಿ ಹೋಗಿ ನಿಂತಿತು.

“ತೋಡ್ರಿ,” ಎಂದ.

ಒಣ ಮರಳಲ್ಲಿ ಕುಣಿ ತೋಡಿದವರಿಗೆ ಗೊತ್ತು. ಒಂದು ಬುಟ್ಟಿ ತೆಗೆದರೆ ಎರಡು ಬುಟ್ಟಿ ಬೀಳುತ್ತದೆ. ಮೊಣಕಾಲುದ್ದ ಹೋದಾಗ ನೀರು ಜಿನುಗಿ ದಂಡೆ ಕುಸಿಯಿತು. ಮತ್ತೊಂದು ಕಡೆ ತೋಡಿಸಿದ, ಇನ್ನೊಂದು ಕಡೆ ತೋಡಿಸಿದ. ಗೌಡನ ಆಳು ಅಂಗಿ ಕಳಚಿ ತಾನೇ ಇಳಿದ, ಎದೆಯವರೆಗೆ ಕೆಸರಾಗಿ ಎದ್ದ. ಕೇರಿಯವರು ದಂಡೆಯ ಮೇಲೆ ಸಾಲಾಗಿ ಕೂತು ಕಡಲೆ ತಿನ್ನುತ್ತ ನೋಡಿದರು.

ನಡುಹಗಲಿಗೆ ಗಿರ್ದಾವರ ಸೋತು ನಮ್ಮ ಜಾಲಿ ಚಪ್ಪರದ ನೆರಳಿಗೆ ಬಂದ. ಬೂಟು ಕಳಚಿ ಮಗುಚಿದ. ಸೇರಿನಷ್ಟು ಮರಳು ಬಿತ್ತು. ಬಳ್ಳಿಗಳ ನಡುವೆ ಕೂರಲು ಜಾಗ ನೋಡಿದ. ಅವ್ವ ಕೌದಿಯ ತುಂಡೊಂದನ್ನು ಹಾಸಿ, “ಇಲ್ಲಿ ಕುಂದರ್ರಿ ಸಾಹೇಬ್ರ, ಬಿಸಲಾಗ ದಣದೀರಿ” ಎಂದಳು. ಎಲ್ಲಿ ಹಾಸಿದಳು ಎಂದು ನೋಡಿ ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಅವನು ಅದರ ಮೇಲೆಯೇ ಕೂತ. ಅವನಿಗೂ ಅವನ ಕಲ್ಲಿಗೂ ನಡುವೆ ಒಂದು ಗೇಣು ಮಣ್ಣು, ಒಂದು ಹರಕು ಕೌದಿ.

ಅದೇ ಬಳ್ಳಿಯ ಹಣ್ಣು ಕಿತ್ತು ಅವ್ವ ಕುಡಗೋಲಿನಿಂದ ಸೀಳಿ ಕೊಟ್ಟಳು. ಗಡ್ಡದಿಂದ ರಸ ಸುರಿಯುವಂತೆ ತಿಂದ. ಎರಡನೆಯ ಹೋಳಿಗೆ ಕೈ ಚಾಚುತ್ತ, “ಭಾಳ ಮಿಠಾ ಅದ. ಇಂಥಾದ್ದು ಯಾವ ಜಾಗಾದಾಗ ಬೆಳೀತದ?” ಎಂದ.

“ನೀವು ಕುಂತಲ್ಲೇರಿ,” ಎಂದಳು ಅವ್ವ.

ನನ್ನ ಗಂಟಲಿನಿಂದ ನಗು ಹೊರಗೆ ಬಂದೇಬಿಟ್ಟಿತು. ಅವ್ವ ದೊಡ್ಡದೊಂದು ಹೋಳನ್ನು ನನ್ನ ಬಾಯಿಗೆ ತುರುಕಿ, “ಹುಚ್ಚಿ ಅದರೀ, ಸುಮ್ಸುಮ್ನ ನಗ್ತದ” ಎಂದಳು. ಬೀಜಸಮೇತ ನುಂಗಿದೆ.

ಹೊರಡುವ ಮೊದಲು ಪುಸ್ತಕದಲ್ಲಿ ಬರೆದುಕೊಂಡ. ಮೂರೂ ಕಲ್ಲು ಹೊಳೆ ಪಾಲಾಗಿವೆ ಎಂದು. ಗೌಡನ ಆಳು, “ಹಂಗಾರ ಒಂಡು ನಮಗ ಬರದು ಕೊಡ್ರಿ” ಎಂದು ಬೆನ್ನು ಹತ್ತಿದ.

“ಯಾವ ಒಂಡು? ಗುತ್ತಿಗಿ ಕಲ್ಲಿನ ಗಡಿ ಒಳಗಿಂದು, ಕಲ್ಲಾ ಹೋದವು. ನಕ್ಷಾದಾಗ ಇಲ್ಲಿ ನೀರು ಅದ. ನೀರು ಹ್ಯಾಂಗ ಬರದು ಕೊಡಲಿ?”

ಹೀಗೆ, ಕಣ್ಣೆದುರಿಗೇ ಹಣ್ಣು ಬಿಟ್ಟ ನೆಲ ಕಾಗದದ ಮೇಲೆ ಇಲ್ಲದ ಕಾರಣಕ್ಕೆ ನಮ್ಮದಾಗಿ ಉಳಿಯಿತು. ನಾವು ಗಿರಣಿಗೆ ಹೋಗಲಿಲ್ಲ. ಆ ಒಂಡಿನ ಮೇಲೆ ಬೆಳೆದೇ ನಾನು ಮದುವೆಯಾದೆ. ಅಕ್ಷರ ಕಲಿತದ್ದು ಆಮೇಲೆ, ನನ್ನ ಮಗಳ ಪಾಟಿಯಲ್ಲಿ.

ಮುಂದೆ ಮೇಲೆ ಕಟ್ಟೆ ಆಯಿತು. ಕಾಲುವೆಯಲ್ಲಿ ನೀರು ಬಂದು ಹೊಲವಿದ್ದವರು ಭತ್ತ ಬೆಳೆದರು. ಬೆಳೆಯಲಿ. ಆದರೆ ಹೊಳೆ ತಾನು ಹೊತ್ತದ್ದನ್ನೆಲ್ಲ ಕಟ್ಟೆಯ ಹಿಂದೆಯೇ ಇಳಿಸಿ ನಮ್ಮ ಕಡೆ ಬರಿಗೈಯಲ್ಲಿ ಬರತೊಡಗಿತು. ಬರಿಗೈಯಲ್ಲಿ ಬಂದ ನೀರಿಗೆ ಹಸಿವು ಹೆಚ್ಚು. ಹಳೆಯ ಒಂಡನ್ನು ವರ್ಷವರ್ಷ ನೆಕ್ಕಿ ತಿಂದಿತು. ಉಳಿದ ಮರಳಿಗೆ ಲಾರಿಗಳು ಬಂದವು. ಗಿರ್ದಾವರ ಅಳೆಯಲಾದರೂ ಬಂದಿದ್ದ. ಈ ಪುಣ್ಯಾತ್ಮರು ಅಳೆಯುವುದೂ ಇಲ್ಲ, ತುಂಬಿಕೊಂಡು ಹೋಗುತ್ತಾರೆ. ಬೂಟು ಕೊಡವುವಷ್ಟು ಮರಳನ್ನೂ ಬಿಟ್ಟಿಲ್ಲ.

ಮೊನ್ನೆ ಮಾನ್ವಿಯಲ್ಲಿ ಶಾಲೆಯ ಟೀಚರಾಗಿರುವ ನನ್ನ ಮೊಮ್ಮಗಳು ಸುಜಾತಾ ಓಡಿ ಬಂದಳು. “ಅಮ್ಮಾ, ಹೊಳಿಗೆ ಹೋಗಿದ್ವಿ. ನಿನ್ನ ಕಲ್ಲು ಅದ.” ನಾನು ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದೆ. ಆಟೊದಲ್ಲಿ ಮಗ, ಸೊಸೆ, ಸುಜಾತಾ, ಅವಳ ನಾಲ್ಕು ವರ್ಷದ ಮಗಳು, ಎಲ್ಲರೂ ನನ್ನನ್ನು ಕೈಹಿಡಿದು ಇಳಿಸಿದರು. ಬಂಡೆಯ ಸಂದಿಯಲ್ಲಿ ಅದು ವಾಲಿಕೊಂಡು ನಿಂತಿತ್ತು. ಸುಣ್ಣ ಎಂದೋ ಹೋಗಿದೆ, ಮೇಲರ್ಧ ನುಣುಪು, ಕೆಳಗರ್ಧ ಒರಟು. ಬಳೆ ತಾಗಿಸಿ ಬಡಿದೆ, ಠಣ್ ಎಂದಿತು. “ಯಾರಪಾ ಕೂಡಿಸಿ ಹೇಳಿದಾಕಿ?” ಎಂದು ಮಗನನ್ನು ಕೇಳಿದೆ. ಅವನು ತಲೆ ತುರಿಸಿಕೊಂಡ. ಅಷ್ಟು ಸುಖ ನನಗೆ ಮಕ್ಕಳ ಮದುವೆಯಲ್ಲೂ ಆಗಿರಲಿಲ್ಲ. ಕಲ್ಲನ್ನು ತಬ್ಬಿಕೊಂಡು, ಅವ್ವ ಹಾಸಿದ ಕೌದಿಯಿಂದ ಹಿಡಿದು ಎಲ್ಲವನ್ನೂ ಮತ್ತೆ ಹೇಳಿದೆ. ಈ ಸಲ ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳಿದರು.

ಹೇಳುತ್ತ ಹೇಳುತ್ತ, ಒಂಡು ಎಷ್ಟಿತ್ತು ಎಂದು ತೋರಿಸಲು ಕಲ್ಲಿನ ತುದಿಯಿಂದ ಒಂದು ಗೇಣು ಮೇಲಕ್ಕೆ ಕೈ ಎತ್ತಿದೆ. ಕೈ ನನ್ನ ತಲೆಯ ಮೇಲೆ ಹೋಯಿತು. ಅಂದು ನೆಲದಲ್ಲಿ ಹೂತಿದ್ದ ಒರಟು ಬುಡ ಪೂರಾ ಹೊರಗೆ, ಬಿಸಿಲಲ್ಲಿ. ಸುತ್ತ ಬರಿ ಬಂಡೆ. ಆ ಮೂಢನ ಕಲ್ಲು ಒಂದೇ ಅಲ್ಲಾಡದೆ ಉಳಿದಿದೆ.

“ಅಷ್ಟು ಮ್ಯಾಲ ಏನಿತ್ತಮ್ಮಾ?” ಎಂದಳು ಮರಿಮಗಳು.

“ನೆಲ ಇತ್ತವ್ವಾ. ಅದರ ಮ್ಯಾಲೆ ನಾ ನಿಂತಿದ್ನಿ.”

ಅವಳು ನಂಬಿದಳೋ ಇಲ್ಲವೋ. ನಮ್ಮ ಮನೆಗೆ ಈಗ ಅವಳೇ ಎಲ್ಲರಿಗಿಂತ ಸಣ್ಣವಳು. ಬಲಗಾಲು ಊರು ಎಂದೆ. ನೀರಲ್ಲಿ ಆಡಿ ಬಂದ ಹಸಿ ಕಾಲು. ಬಂಡೆಯ ಮೇಲೆ ಐದು ಬೆರಳೂ ಚೆಂದಾಗಿ ಮೂಡಿದವು. ಅವಳು ಇನ್ನೊಂದು ಕಾಲು ಎತ್ತುವಷ್ಟರಲ್ಲಿ ಒಣಗಿ ಹೋದವು.