ಗಾಣದ ಪಕ್ಕದ ಮಚ್ಚು

ಕೊಲಂಬಿಯಾದ ಸಾಂತಾಂದೇರ್ ಬೆಟ್ಟಗಳ ಆ ಆಲೆಮನೆಯಲ್ಲಿ ಅಜ್ಜನ ಕಾಲದಿಂದಲೂ ಗಾಣದ ಪಕ್ಕ ಒಂದು ಮಚ್ಚು ತೂಗುತ್ತಿತ್ತು. ಕಬ್ಬಿನೊಡನೆ ಯಾರದಾದರೂ ಕೈ ಸಿಕ್ಕಿಕೊಂಡರೆ, ತೋಳೆಲ್ಲ ಒಳಹೋಗುವ ಮೊದಲು ಕಡಿಯಲು. ವಿದ್ಯುತ್ ಮೋಟಾರು, ಅದನ್ನು ನಿಲ್ಲಿಸುವ ಕೆಂಪು ಗುಂಡಿ ಬಂದ ಮೇಲೂ ಮಚ್ಚನ್ನು ಯಾರೂ ಇಳಿಸಲಿಲ್ಲ.

ಅಣ್ಣ ಎಲಿಸಿಯೋನ ಬೆರಳುಗಳನ್ನು ಗಾಣದ ಉರುಳೆಗಳು ಕಚ್ಚಿದ ದಿನ ಬೆಲರ್ಮಿನೋನ ಕೈ ಗುಂಡಿಯತ್ತ ಹೋಗದೆ ಮಚ್ಚಿನತ್ತ ಹೋಯಿತು. ಅಣ್ಣನ ಮುಂಗೈ ಕಡಿದ. ಅಣ್ಣ ಬದುಕಿದ, ಊರು ತಮ್ಮನನ್ನು ಹೊಗಳಿತು. ತಮ್ಮನಿಗೆ ಮಾತ್ರ ಒಂದೇ ಪ್ರಶ್ನೆ ದೆವ್ವದಂತೆ ಮೆಟ್ಟಿಕೊಂಡಿತು: ಗುಂಡಿ ಒತ್ತಿದ್ದರೆ? ಮೋಟಾರು ನಿಂತರೂ ಭಾರದ ಉರುಳೆಗಳು ಇನ್ನಷ್ಟು ತಿರುಗುತ್ತವೆ. ಎಷ್ಟು ಎಂಬುದು ನಂಬಿಕೆಯ ಮಾತಲ್ಲ, ನೋಡಿಯೇ ತಿಳಿಯಬೇಕಾದದ್ದು.

ನೋಡಲು ಬಹುಕಾಲ ಧೈರ್ಯ ಬರಲಿಲ್ಲ. ಕೊನೆಗೊಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ದಾಗ, ಮೋಟಾರು ಹಾಕಿ, ಗಾಣಕ್ಕೆ ಕಬ್ಬೊಂದನ್ನು ಕೊಟ್ಟು, ಉರುಳೆ ಕಚ್ಚಿದೊಡನೆ ಗುಂಡಿ ಒತ್ತಿದ. ಕಬ್ಬು ಬೆರಳುದ್ದ ಒಳಸರಿದು ನಿಂತಿತು.

"ಬರೀ ಬೆರಳು ಹೋಗ್ತಿತ್ತು, ಅಷ್ಟೇ," ಎಂದಿತು ಬಾಗಿಲಿನಿಂದ ಎಲಿಸಿಯೋನ ದನಿ.

"ನೀನ್ಯಾವಾಗ ಬಂದ್ಯೋ ಅಣ್ಣಾ?"

"ಆಸ್ಪತ್ರೆಯಿಂದ ಬಂದ ವಾರಾನೇ ನಾನೂ ಹಿಂಗೇ ಹಾಕಿ ನೋಡಿದ್ದೆ ಕಣೋ. ಆಗ್ಲೂ ಇಷ್ಟೇ ಹೋಗಿತ್ತು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ನಂದು ಹೋಯ್ತಲ್ಲ, ಸಾಕು. ಇದು ಗೊತ್ತಾಗಿ ನಿನ್ ಕೈನೂ ಯಾಕೆ ಬಿದ್ದೋಗ್ಬೇಕು, ಪೆದ್ದ? ಸರಿ, ಕಬ್ಬು ತಗೋ, ಕೆಲ್ಸ ಬಿದ್ದಿದೆ."

ಎಲಿಸಿಯೋ ಉಳಿದ ಕೈಯಿಂದ ಮೋಟಾರು ಹಾಕಿದ. ಉರುಳೆಗಳು ತಿರುಗತೊಡಗಿದವು. ಕಬ್ಬು ಕೊಡಲು ಬೆಲರ್ಮಿನೋನ ಕೈ ಏಳಲಿಲ್ಲ.